ಮುಟ್ಟು ನಿಲ್ಲುವ ಕಾಲವೂ ಪತಿಯ ಧರ್ಮವೂ

ಈ ಸ್ಮರಣ ಸಂಚಿಕೆಯ ಸಂಪಾದಕ ಮಂಡಳಿಯವರು ನಮ್ಮಿಂದ ಒಂದು ಲೇಖನವನ್ನು ಅಪೇಕ್ಷಿಸಿದಾಗ, ಶಿಸ್ತು, ಸಮಯಪಾಲನೆ, ಸ್ತ್ರೀವಿದ್ಯೆ ಮುಂತಾದ ವಾಡಿಕೆಯ ವಿಷಯಗಳಲ್ಲಿ ಒಂದನ್ನು ನಾವು ಆರಿಸಿಕೊಳ್ಳುವೆವೆಂದು ಅವರು ಎಣಿಸಿರಬಹುದು. ಆ ವಿಷಯಗಳನ್ನು ಕುರಿತು ಹಿಂದಿನ ಸಂಚಿಕೆಗಳಲ್ಲಿ ನಮಗಿಂತ ಬಲ್ಲವರು ಬರೆದಿದ್ದಾರೆ. ಮನೆಮನೆಯಲ್ಲಿಯೂ ನಡೆಯುತ್ತಿದ್ದು, ಯಾವ ಮನೆಯಲ್ಲಿಯೂ ಬಾಯಿಬಿಟ್ಟು ಆಡದಿರುವ ಒಂದು ಸಂಗತಿಯನ್ನು ಕುರಿತು ನಾವು ಈ ಸಾರಿ ಬರೆಯಲಿಚ್ಛಿಸುತ್ತೇವೆ. ನಡುವಯಸ್ಸಿನ ಸ್ತ್ರೀಗೆ ಮುಟ್ಟು ನಿಲ್ಲುವ ಕಾಲದಲ್ಲಿ ಆಕೆಯ ಪತಿಯು ಹೇಗೆ ಸಹಾಯಕನಾಗಿರಬೇಕೆಂಬದೇ ಆ ಸಂಗತಿ. ಈ ಸಂಚಿಕೆಯು ವಿದ್ಯಾರ್ಥಿನಿಯರ ಕೈಯಿಂದ ತಂದೆಯಂದಿರ ಮೇಜಿಗೂ, ಅಂಚೆಯ ಮೂಲಕ ಹಳೆಯ ವಿದ್ಯಾರ್ಥಿನಿಯರ ಸಂಸಾರಗಳಿಗೂ ಹೋಗುತ್ತದೆ. ಆದಕಾರಣ ಈ ಕೆಲವು ಪುಟಗಳನ್ನು ಪುರುಷರು ಹೆಂಗಸರ ಮಾತೆಂದು ಮಗುಚಿಹಾಕದೆ ಓದಬೇಕೆಂಬದು ನಮ್ಮ ಅರಿಕೆ.

ಬಾಲಿಕೆಯರ ಶಾಲೆಯ ಸಂಚಿಕೆಗೆ ಇಂಥಾ ವಿಷಯವು ಉಚಿತವೋ ಎಂದು ಕೆಲವರು ಸಂದೇಹಿಸಬಹುದು. ಮುಟ್ಟು ಹೇಗೆ ಪ್ರಾರಂಭವಾಗುತ್ತದೆಂಬದನ್ನು ನಮ್ಮ ವಿಜ್ಞಾನದ ಉಪಾಧ್ಯಾಯಿನಿಯರು ಸಂಕೋಚವಿಲ್ಲದೆ ಕಲಿಸುತ್ತಾರೆ. ಪ್ರಾರಂಭವನ್ನು ಕಲಿಸುವವರು ಮುಕ್ತಾಯವನ್ನು ಯಾತಕ್ಕೆ ಬಚ್ಚಿಡಬೇಕು? ನಮ್ಮ ಸತ್ಯವೇದವಂತೂ ಬಚ್ಚಿಡಲಿಲ್ಲ. ಅಬ್ರಹಾಮನ ಪತ್ನಿಯಾದ ಸಾರಳಿಗೆ ಮುಟ್ಟು ನಿಂತುಹೋಗಿದ್ದ ಸಂಗತಿಯು ಆದಿಕಾಂಡದ 18ನೆಯ ಅಧ್ಯಾಯದಲ್ಲಿ ಸರಳವಾಗಿ ಹೇಳಲ್ಪಟ್ಟಿದೆ. ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿ, ಅನೇಕ ವೈದ್ಯರ ಬಳಿ ತನ್ನ ಹಣವನ್ನೆಲ್ಲಾ ಕಳೆದುಕೊಂಡ ಸ್ತ್ರೀಯೊಬ್ಬಳು ಮಾರ್ಕನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಇದ್ದಾಳೆ. ಕರ್ತನು ಜನರ ಗುಂಪಿನ ನಡುವೆ ನಿಂತು, ಆಕೆಯು ತನ್ನ ಸಂಗತಿಯನ್ನೆಲ್ಲಾ ಹೇಳುವ ತನಕ ಕೇಳಿದನು. ಹೀಗೆ ನಿಂತು ಕೇಳುವದನ್ನೇ ನಾವು ಇಲ್ಲಿ ಪತಿಯಂದಿರಿಂದ ಬೇಡುವವರಾಗಿದ್ದೇವೆ.

ಮೊದಲು ದೇಹದ ಸಂಗತಿಯನ್ನು ಸಂಕ್ಷೇಪವಾಗಿ ತಿಳಿದುಕೊಳ್ಳೋಣ. ಹೆಣ್ಣುಮಗುವು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ ಹತ್ತರಿಂದ ಇಪ್ಪತ್ತು ಲಕ್ಷದಷ್ಟು ಅಂಡಗಳು ಇರುತ್ತವೆ. ಮೈನೆರೆಯುವ ಹೊತ್ತಿಗೆ ಅವು ಮೂರು ನಾಲ್ಕು ಲಕ್ಷಕ್ಕೆ ಇಳಿಯುತ್ತವೆ. ನಲವತ್ತು ದಾಟಿದ ಮೇಲೆ ಬಹು ಸ್ವಲ್ಪವೇ ಉಳಿಯುತ್ತವೆ. ಆಗ ಅಂಡಾಶಯಗಳಲ್ಲಿ ಹುಟ್ಟುವ ಈಸ್ಟ್ರೋಜನ್ ಎಂಬ ಹಾರ್ಮೋನು ಒಮ್ಮೆ ಏರಿ ಒಮ್ಮೆ ಇಳಿದು, ಕಡೆಗೆ ತೀರ ತಗ್ಗುವದು. ಈ ಏರಿಳಿತದ ಸಂಧಿಕಾಲವು ಸಾಧಾರಣವಾಗಿ ನಾಲ್ಕು ವರ್ಷ, ಕೆಲವರಿಗೆ ಏಳೆಂಟು ವರ್ಷವೂ ನಡೆಯುವದು. ಹನ್ನೆರಡು ತಿಂಗಳು ಎಡೆಬಿಡದೆ ಮುಟ್ಟು ಬಾರದಿದ್ದರೆ ಮಾತ್ರ ಅದು ನಿಂತಿತೆಂದು ವೈದ್ಯರು ಎಣಿಸುತ್ತಾರೆ. ಲೋಕದಲ್ಲಿ ಹೆಚ್ಚಿನವರಿಗೆ ಇದು 45ರಿಂದ 55ರ ಒಳಗೆ ಆಗುತ್ತದೆ. ನಮ್ಮ ದೇಶದ ಸ್ತ್ರೀಯರಿಗೆ ಸರಾಸರಿ 46-47ನೆಯ ವಯಸ್ಸಿನಲ್ಲಿ, ಅಂದರೆ ಐರೋಪ್ಯ ಸ್ತ್ರೀಯರಿಗಿಂತ ನಾಲ್ಕೈದು ವರ್ಷ ಮುಂಚೆಯೇ ಆಗುತ್ತದೆ. ನಲವತ್ತರೊಳಗೆ ನಿಂತರೆ ಅಕಾಲವೆಂದು ತಿಳಿದು ವೈದ್ಯರನ್ನು ಕಾಣಲೇಬೇಕು.

ಈ ಲೆಕ್ಕದಿಂದ ಹೊರಡುವ ಒಂದು ಸಂಗತಿಯನ್ನು ನಾವು ಶಾಲೆಯಲ್ಲಿದ್ದು ಪ್ರತಿ ವರ್ಷವೂ ಕಾಣುತ್ತೇವೆ. ಮಗಳು ಹದಿನೈದರಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಓದುತ್ತಿರುವಾಗ ತಾಯಿಯು ನಲವತ್ತು ದಾಟಿರುತ್ತಾಳೆ. ಒಂದೇ ಮನೆಯಲ್ಲಿ ಒಬ್ಬಳ ದೇಹವು ಬಾಗಿಲು ತೆರೆಯುತ್ತಿರುವದು, ಇನ್ನೊಬ್ಬಳದು ಮುಚ್ಚುತ್ತಿರುವದು. ಇಬ್ಬರಿಗೂ ಕಾರಣ ತಿಳಿಯದೆ ಕಣ್ಣೀರು, ಇಬ್ಬರಿಗೂ ಕ್ಷಣದಲ್ಲಿ ಕೋಪ. ನಡುವೆ ನಿಂತ ತಂದೆಯು ಇಬ್ಬರ ಮಾತೂ ಬೇಡವೆಂದು ವರ್ತಮಾನ ಪತ್ರಿಕೆಯ ಹಿಂದೆ ಮರೆಯಾಗುವದುಂಟು.

ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗಿಯು ನಮ್ಮ ಕೊಠಡಿಗೆ ಬಂದು, ತನ್ನ ತಾಯಿಗೆ ತನ್ನ ಮೇಲೆ ಪ್ರೀತಿಯೇ ಹೋಗಿಬಿಟ್ಟಿದೆಯೆಂದೂ, ರಾತ್ರಿ ಎರಡು ಗಂಟೆಗೆ ಎದ್ದು ಹಿತ್ತಲಲ್ಲಿ ಒಬ್ಬಳೇ ಕೂತಿರುತ್ತಾಳೆಂದೂ ಹೇಳಿ ಅತ್ತಳು. ನಾವು ತಾಯಿಯನ್ನಲ್ಲ, ತಂದೆಯನ್ನು ಕರೆಸಿದೆವು. ಆ ಗೃಹಸ್ಥರು ಫೀಸಿನ ಬಾಕಿಯ ಮಾತೆಂದು ರಸೀತಿಗಳನ್ನೆಲ್ಲಾ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. "ಅವಳಿಗೆ ಈಚೆಗೆ ಸಿಟ್ಟು ಹೆಚ್ಚು ಮೇಡಂ. ನಾನು ಮಾತಾಡುವದನ್ನೇ ಬಿಟ್ಟಿದ್ದೇನೆ. ಮಾತಾಡದಿದ್ದರೆ ಜಗಳವಿಲ್ಲವಲ್ಲ?" ಎಂದರು. ರಾತ್ರಿ ಎರಡು ಗಂಟೆಗೆ ಆಕೆ ಯಾತಕ್ಕೆ ಏಳುತ್ತಾಳೆಂದು ನಾವು ಕೇಳಿದೆವು. "ಕೇಳಿಲ್ಲ ಮೇಡಂ" ಎಂದರು. ಅವರು ಕೆಟ್ಟವರಲ್ಲ, ಕುಡಿತವಿಲ್ಲ, ದುಂದುಗಾರಿಕೆಯಿಲ್ಲ. ಹೆಂಡತಿಯ ಮೌನವನ್ನು ಶಾಂತಿಯೆಂದು ತಿಳಿದವರು ಅಷ್ಟೇ. ಇಂಥಾ ಸಜ್ಜನರೇ ನಮ್ಮ ಊರುಗಳಲ್ಲಿ ಹೆಚ್ಚು. ಅವರಿಗಾಗಿಯೇ ಈ ಲೇಖನ.

ಆ ತಾಯಿಯು ರಾತ್ರಿ ಎದ್ದು ಕೂತದ್ದಕ್ಕೆ ದೇಹದಲ್ಲಿ ಕಾರಣವಿದೆ. ಮೈಯ ಬಿಸಿಯನ್ನು ಹದದಲ್ಲಿಡುವ ಒಂದು ಸ್ಥಾನವು ಮೆದುಳಿನಲ್ಲಿ ಉಂಟು. ಈಸ್ಟ್ರೋಜನ್ ಇಳಿದಾಗ ಆ ಸ್ಥಾನವು ಅತಿಸೂಕ್ಷ್ಮವಾಗಿ, ಅಲ್ಪ ಬಿಸಿಯನ್ನೂ ಮಹಾ ತಾಪವೆಂದು ಎಣಿಸುವದು. ಆಗ ಎದೆ, ಕುತ್ತಿಗೆ, ಮುಖಗಳಿಗೆ ಝಳವೇರಿ, ಬೆವರು ಸುರಿದು, ಗುಂಡಿಗೆ ಬಡಿದುಕೊಂಡು, ಕೆಲವು ನಿಮಿಷಗಳಲ್ಲಿ ಮೈ ತಣ್ಣಗಾಗಿ ಚಳಿ ಹತ್ತುವದು. ನೂರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಸ್ತ್ರೀಯರಿಗೆ ಇದು ಒಂದಲ್ಲ ಒಂದು ಪ್ರಮಾಣದಲ್ಲಿ ಬರುತ್ತದೆ. ಅಮೆರಿಕದಲ್ಲಿ ಅನೇಕ ವರ್ಷ ನಡೆದು 2015ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ಪದೇ ಪದೇ ಝಳ ಬರುವವರಿಗೆ ಅದು ಏಳು ವರ್ಷಕ್ಕೂ ಮೇಲ್ಪಟ್ಟು ಇರುವದು ಸಾಮಾನ್ಯವೆಂದು ಕಂಡುಬಂತು. ಇದರೊಂದಿಗೆ ನಿದ್ರಾಭಂಗ, ಕೀಲುನೋವು, ಮರೆವು, ಕಾರಣವಿಲ್ಲದ ಕಳವಳ, ಮೂತ್ರದ ಅವಸರ ಇವುಗಳೂ ಸೇರುವದುಂಟು. ಎಲ್ಲರಿಗೂ ಎಲ್ಲವೂ ಬರುವದಿಲ್ಲ. ಕೆಲವರು ಏನೂ ತೊಂದರೆಯಿಲ್ಲದೆ ದಾಟುತ್ತಾರೆ. ಇದು ರೋಗವಲ್ಲ, ಆದರೆ ರೋಗವಲ್ಲದ ಮಾತ್ರಕ್ಕೆ ಕಷ್ಟವಿಲ್ಲವೆಂದು ಹೇಳಕೂಡದು.

ಇಲ್ಲಿ ನಮ್ಮ ಸ್ವಂತ ಸಂಗತಿಯನ್ನು ಸ್ವಲ್ಪ ಹೇಳದೆ ಮುಂದೆ ಹೋಗಲಾಗದು. ನಮಗೆ ಈಗ 47 ವರ್ಷ. ಎರಡು ವರ್ಷಗಳ ಹಿಂದೆ ನಮಗೆ ನಿದ್ದೆಯು ತಪ್ಪುತ್ತಾ ಬಂತು. ಮುಟ್ಟು ಒಂದು ತಿಂಗಳು ಬಾರದೆ, ಮುಂದಿನ ತಿಂಗಳು ಹತ್ತು ಹನ್ನೆರಡು ದಿವಸ ಹರಿಯುತ್ತಿತ್ತು. ಐದು ವರ್ಷದಿಂದ ಬಲ್ಲ ಹುಡುಗಿಯ ಹೆಸರು ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ನಾಲಿಗೆಗೆ ಬಾರದೆ ಹೋಯಿತು. ವೇಳಾಪಟ್ಟಿಯನ್ನು ಮೂರು ಸಾರಿ ಬರೆದರೂ ತಾಳೆಯಾಗಲಿಲ್ಲ. ಇಂಥಾ ಬುದ್ಧಿಯಿಂದ ಮುನ್ನೂರು ಮಕ್ಕಳ ಶಾಲೆಯನ್ನು ನಡಿಸುವದು ಯೋಗ್ಯವಲ್ಲವೆಂದು ತೋರಿ, ನಾವು ರಾಜೀನಾಮೆಯ ಕರಡನ್ನು ಬರೆದು ನಮ್ಮ ಯಜಮಾನರ ಕೈಗೆ ಕೊಟ್ಟೆವು. ಅವರು ಓದಿ, "ಕೊಡುವದಾದರೆ ಮೂರು ತಿಂಗಳಾದ ಮೇಲೆ ಕೊಡೋಣ. ಅಷ್ಟರಲ್ಲಿ ಲೆಕ್ಕ ನೋಡಬೇಕು" ಎಂದರು.

ನಮ್ಮ ಯಜಮಾನರು ಬ್ಯಾಂಕಿನಲ್ಲಿ ಲೆಕ್ಕ ಬರೆದವರು. ಮಕ್ಕಳ ಒಂದು ನೋಟುಪುಸ್ತಕದಲ್ಲಿ ಗೆರೆ ಎಳೆದು, ಮುಟ್ಟು ಬಂದ ದಿನ, ನಿಂತ ದಿನ, ಹರಿವು ಹೆಚ್ಚೋ ಕಡಿಮೆಯೋ, ರಾತ್ರಿ ನಿದ್ದೆ ಎಷ್ಟು ತಾಸು, ಝಳ ಎಷ್ಟು ಸಾರಿ ಎಂದು ಅಂಕಣಗಳನ್ನು ಮಾಡಿದರು. ಬೆಳಿಗ್ಗೆ ಕಾಫಿಯನ್ನು ತಾವೇ ಮಾಡಿ ತಂದು, ನಮ್ಮನ್ನು ಕೇಳಿ ಬರೆಯುತ್ತಿದ್ದರು. ಸಮಾಧಾನದ ಮಾತು ಹೇಳುವದು ಅವರಿಗೆ ಬಾರದು. ನಮಗೆ ಆಗ ಬೇಕಾದದ್ದೂ ಅದಲ್ಲ. ನಮ್ಮ ದೇಹದಲ್ಲಿ ನಡೆಯುತ್ತಿದ್ದದ್ದನ್ನು ಇನ್ನೊಬ್ಬರು ನಿಜವೆಂದು ನಂಬಿ ಬರೆದಿಟ್ಟರೆಂಬದೇ ದೊಡ್ಡ ಆಧಾರವಾಯಿತು.

ಮೊದಲು ಕಂಡ ವೈದ್ಯರೊಬ್ಬರು, ವಯಸ್ಸಾಯಿತಲ್ಲ, ಸಹಿಸಿಕೊಳ್ಳಿರಿ ಎಂದರು. ಎರಡನೆಯವರು ಪರೀಕ್ಷೆಗಿಂತ ಮುಂಚೆಯೇ ಗರ್ಭಕೋಶವನ್ನು ತೆಗೆಸಿಬಿಡಿ ಎಂದರು. ಮೂರನೆಯವರಾದ ಒಬ್ಬ ವೈದ್ಯೆಯು ನೋಟುಪುಸ್ತಕವನ್ನು ಮೊದಲಿನಿಂದ ಕಡೆಯ ತನಕ ಓದಿ, ರಕ್ತಪರೀಕ್ಷೆ, ಥೈರಾಯ್ಡ್ ಪರೀಕ್ಷೆ, ಸ್ಕ್ಯಾನ್ ಇವುಗಳನ್ನು ಮಾಡಿಸಿದರು. ಗರ್ಭಕೋಶದಲ್ಲಿ ದೋಷವಿರಲಿಲ್ಲ, ಹನ್ನೆರಡು ಇರಬೇಕಾದ ಹಿಮೋಗ್ಲೋಬಿನ್ ಎಂಟಕ್ಕೆ ಇಳಿದಿತ್ತು. ಸ್ರಾವಕ್ಕೂ ರಕ್ತಹೀನತೆಗೂ ಔಷಧೋಪಚಾರವಾಗಿ, ನಿದ್ದೆಯು ತಿರುಗಿ ಬಂದ ಮೇಲೆ ಮಕ್ಕಳ ಹೆಸರುಗಳೂ ತಿರುಗಿ ಬಂದವು. ಆ ಕರಡು ಎಲ್ಲಿ ಹೋಯಿತೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕೆಲಸದಲ್ಲಿ ಅನುಭವವು ಪಕ್ವವಾದ ವಯಸ್ಸಿನಲ್ಲಿಯೇ ಎಷ್ಟು ಮಂದಿ ಉಪಾಧ್ಯಾಯಿನಿಯರೂ ದಾದಿಯರೂ ತಮಗೆ ಯೋಗ್ಯತೆ ಹೋಯಿತೆಂದು ತಿಳಿದು ಹೊರಗೆ ಹೋಗಿರಬಹುದೆಂದು ನಾವು ಆಗಾಗ್ಗೆ ಯೋಚಿಸುವದುಂಟು.

ಈ ಅನುಭವದಿಂದಲೂ, ನಮ್ಮ ಬಳಿ ಮನಸ್ಸು ಬಿಚ್ಚಿ ಮಾತಾಡಿದ ಹಳೆಯ ವಿದ್ಯಾರ್ಥಿನಿಯರ ಅನುಭವದಿಂದಲೂ ಪತಿಯಂದಿರಿಗೆ ನಾವು ಹೇಳುವ ಮಾತು ಒಂದೇ: ಮರುಕಕ್ಕಿಂತ ತಿಳಿವಳಿಕೆಯು ದೊಡ್ಡದು. ಹೆಂಡತಿಯನ್ನು ಕಂಡು ಅಯ್ಯೋ ಎನ್ನುವವನಿಗಿಂತ, ಆಕೆಗೆ ಏನಾಗುತ್ತಿದೆಯೆಂದು ಕೇಳಿ ಕಲಿತವನು ಹೆಚ್ಚು ಉಪಕಾರಿಯು. ಆ ಕಲಿಕೆಯು ಮನೆಯೊಳಗಿನ ಸಣ್ಣ ಸಂಗತಿಗಳಲ್ಲಿ ಕಾಣಬೇಕು. ಇಬ್ಬರಿಗೂ ಒಂದೇ ಕಂಬಳಿಯಿದ್ದರೆ ಎರಡಾಗಲಿ. ಆಕೆಯ ಕಡೆಗೆ ತೆಳುವಾದ ಹತ್ತಿಯ ಹೊದಿಕೆ, ತೆರೆದ ಕಿಟಕಿ, ಒಂದು ತಂಬಿಗೆ ನೀರು ಇರಲಿ. ರಾತ್ರಿ ಎದ್ದವಳನ್ನು ಬೆಳಗಿನ ಐದಕ್ಕೆ ಒಲೆಯ ಮುಂದೆ ನಿಲ್ಲಿಸದೆ, ವಾರದಲ್ಲಿ ಕೆಲವು ದಿವಸವಾದರೂ ತಿಂಡಿಯ ಭಾರವನ್ನು ಗಂಡನೂ ಮಕ್ಕಳೂ ಹೊತ್ತುಕೊಳ್ಳಲಿ. ನೆಂಟರನ್ನು ಕರೆಯುವ ಮುಂಚೆ ಆಕೆಯನ್ನು ಕೇಳಲಿ. ದೇವಾಲಯದಲ್ಲಿಯೋ ಮದುವೆಯ ಚಪ್ಪರದಲ್ಲಿಯೋ ಝಳ ಬಂದು ಆಕೆ ಹೊರಗೆ ಹೋಗಬೇಕಾದರೆ, ಪ್ರಶ್ನೆ ಮಾಡದೆ ಜೊತೆಯಲ್ಲಿ ಎದ್ದು ಹೋಗಲಿ.

ಮಾತಿನಲ್ಲಿಯೂ ಎಚ್ಚರಿಕೆ ಬೇಕು. "ನಿನಗೆ ಈಚೆಗೆ ಏನಾಗಿದೆ?" ಎಂಬದು ಪ್ರಶ್ನೆಯಂತೆ ಕಂಡರೂ ದೂರೇ ಆಗಿರುತ್ತದೆ. "ರಾತ್ರಿ ನಿದ್ದೆ ಬಂತೇ?" ಎಂಬದು ನಿಜವಾದ ಪ್ರಶ್ನೆ. ನ್ಯಾಯವಾದ ಕಾರಣದಿಂದ ಆಕೆಯು ಕೋಪಿಸಿಕೊಂಡಾಗ ಅದನ್ನೂ ಹಾರ್ಮೋನಿನ ಲೆಕ್ಕಕ್ಕೆ ಬರೆದು ಕೈ ತೊಳೆದುಕೊಳ್ಳಬಾರದು. ಮಕ್ಕಳಿಗೆ ತಾಯಿಯ ಸ್ಥಿತಿಯನ್ನು ತಿಳಿಸುವದು ತಂದೆಯ ಕೆಲಸವಾದರೂ, ಆಕೆಯ ಒಪ್ಪಿಗೆಯಿಂದಲೇ ತಿಳಿಸಬೇಕು; ಅತ್ತೆ ನಾದಿನಿಯರ ಮುಂದೆ ಅದನ್ನು ಹಾಸ್ಯ ಮಾಡಲೇಕೂಡದು.

ದಾಂಪತ್ಯದ ಒಂದು ಮಾತನ್ನೂ ಬಿಡುವಂತಿಲ್ಲ. ಈಸ್ಟ್ರೋಜನ್ ಇಳಿದಾಗ ಒಳಗಿನ ಚರ್ಮವು ತೆಳುವಾಗಿ ಒಣಗುವದರಿಂದ ಕೂಡುವಿಕೆಯು ನೋವನ್ನುಂಟುಮಾಡಬಹುದು. ಹೆಂಡತಿಯು ಹಿಂದೆಗೆದರೆ ತನ್ನ ಮೇಲೆ ಪ್ರೀತಿ ಹೋಯಿತೆಂದು ಗಂಡನು ಭಾವಿಸುತ್ತಾನೆ; ಹೇಳಲು ನಾಚಿ ಆಕೆ ಸುಮ್ಮನಿರುತ್ತಾಳೆ; ಇಬ್ಬರೂ ದೂರವಾಗುತ್ತಾರೆ. ಇದಕ್ಕೆ ಜಾರುಲೇಪಗಳೂ, ವೈದ್ಯರು ಕೊಡುವ ಈಸ್ಟ್ರೋಜನ್ ಮುಲಾಮುಗಳೂ ಉಂಟು. ತಾಳ್ಮೆಯು ಎಲ್ಲಕ್ಕಿಂತ ಮೊದಲು ಬೇಕು. ಸಂಧಿಕಾಲದಲ್ಲಿ ಗರ್ಭ ನಿಲ್ಲುವ ಸಂಭವವು ಪೂರ್ತಿಯಾಗಿ ಹೋಗಿರುವದಿಲ್ಲವೆಂಬದನ್ನೂ ಗಂಡನು ತಿಳಿದಿರಬೇಕು. ಐವತ್ತರ ಮೇಲಿನವರು ಕಡೆಯ ಮುಟ್ಟಿನಿಂದ ಒಂದು ವರ್ಷ, ಐವತ್ತರೊಳಗಿನವರು ಎರಡು ವರ್ಷ ಎಚ್ಚರಿಕೆಯಿಂದಿರಬೇಕೆಂದು ವೈದ್ಯರ ಸೂಚನೆ.

ವೈದ್ಯರ ಬಳಿಗೆ ಹೋಗುವದರಲ್ಲಿ ಪತಿಯ ಪಾತ್ರವು ಎಷ್ಟು ದೊಡ್ಡದೆಂಬದಕ್ಕೆ ಮಿಶನ್ ಚರಿತ್ರೆಯಲ್ಲಿಯೇ ದೃಷ್ಟಾಂತವಿದೆ. 1890ರ ದಶಕದಲ್ಲಿ ತಮಿಳುನಾಡಿನ ತಿಂಡಿವನದಲ್ಲಿ, ಪ್ರಸವದ ಸಂಕಟದಲ್ಲಿದ್ದ ಮೂವರು ಸ್ತ್ರೀಯರ ಪತಿಯಂದಿರು ಒಂದೇ ರಾತ್ರಿ ಈಡಾ ಸ್ಕಡರ್ ಎಂಬ ತರುಣಿಯನ್ನು ಕರೆಯಲು ಬಂದರು. ಆಕೆ ಆಗ ವೈದ್ಯಳಾಗಿರಲಿಲ್ಲ. ಆಕೆಯ ತಂದೆ ವೈದ್ಯರಾಗಿದ್ದರು. ಆದರೆ ಪುರುಷ ವೈದ್ಯನು ತಮ್ಮ ಹೆಂಡತಿಯನ್ನು ನೋಡುವದು ಆ ಪತಿಯಂದಿರಿಗೆ ಒಪ್ಪಿಗೆಯಾಗಲಿಲ್ಲ. ಬೆಳಗಾಗುವಷ್ಟರಲ್ಲಿ ಮೂವರೂ ತೀರಿಹೋದರು. ಈಡಾ ಸ್ಕಡರ್ ಅಮೆರಿಕಕ್ಕೆ ಹೋಗಿ ವೈದ್ಯವಿದ್ಯೆಯನ್ನು ಕಲಿತು ಬಂದು, 1900ರಲ್ಲಿ ವೆಲ್ಲೂರಿನಲ್ಲಿ ಚಿಕಿತ್ಸಾಲಯವನ್ನು ಪ್ರಾರಂಭಿಸಿ, 1918ರಲ್ಲಿ ಸ್ತ್ರೀಯರಿಗೆ ವೈದ್ಯಶಾಲೆಯನ್ನು ತೆರೆದರು. ಈಗ ವೈದ್ಯೆಯರು ಅಂದಿಗಿಂತ ಬಹಳ ಹೆಚ್ಚು ಮಂದಿ ಇದ್ದಾರೆ. ಆದರೂ ನಾಚಿಕೆಯು ಹೊಸ್ತಿಲಲ್ಲಿಯೇ ನಿಂತಿದೆ. ಪತಿಯು ಜೊತೆಯಲ್ಲಿ ಹೋಗಲಿ, ನೋಟುಪುಸ್ತಕವನ್ನು ಒಯ್ಯಲಿ. ಒಳಗೆ ಬರಲೋ ಹೊರಗೆ ಕೂರಲೋ ಎಂಬದನ್ನು ಆಕೆಯೇ ತೀರ್ಮಾನಿಸಲಿ.

ಕೆಲವು ಲಕ್ಷಣಗಳಿಗೆ ಕಾಯಲೇಬಾರದು. ಒಂದು ವರ್ಷ ನಿಂತಿದ್ದ ಮುಟ್ಟು ತಿರುಗಿ ಕಂಡರೆ, ಒಂದು ಹನಿಯಾದರೂ, ಕೂಡಲೇ ಪರೀಕ್ಷೆಯಾಗಬೇಕು; ಅದು ಕೆಲವೊಮ್ಮೆ ಗರ್ಭಕೋಶದ ಕ್ಯಾನ್ಸರಿನ ಮೊದಲ ಗುರುತಾಗಿರುತ್ತದೆ. ವಾರಕ್ಕಿಂತ ಹೆಚ್ಚು ಹರಿಯುವ ಸ್ರಾವವನ್ನೂ ವಯಸ್ಸಿನ ಧರ್ಮವೆಂದು ಬಿಡಬಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ನೂರು ಸ್ತ್ರೀಯರಲ್ಲಿ 57 ಮಂದಿ ರಕ್ತಹೀನರೆಂದು ಕಂಡುಬಂದಿರುವ ದೇಶದಲ್ಲಿ ಇದು ಸಣ್ಣ ಮಾತಲ್ಲ. ದುಃಖವು ತಿಳಿಯಾಗದೆ ಬದುಕೇ ಬೇಡವೆನಿಸಿದರೆ ಅದಕ್ಕೂ ವೈದ್ಯವುಂಟು. ಸರಕಾರದ ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ 14416 ಎಂಬದನ್ನು ಮನೆಯವರು ತಿಳಿದಿರಲಿ.

ಗರ್ಭಕೋಶವನ್ನು ತೆಗೆಸುವ ಮಾತು ಬಂದರೆ ಪತಿಯು ಅವಸರದಿಂದ ರುಜು ಹಾಕಕೂಡದು. ಕೆಲವು ವ್ಯಾಧಿಗಳಲ್ಲಿ ಅದು ಪ್ರಾಣವನ್ನುಳಿಸುವದು ನಿಜ. ಆದರೆ ಮಾತ್ರೆಗಳಿಂದಲೂ, ಗರ್ಭಕೋಶದೊಳಗೆ ಇಡುವ ಹಾರ್ಮೋನು ಸಾಧನದಿಂದಲೂ ಅನೇಕರ ಸ್ರಾವವು ಹತೋಟಿಗೆ ಬರುತ್ತದೆ. ಅಂಡಾಶಯಗಳನ್ನೂ ಕೂಡ ತೆಗೆದರೆ ವರ್ಷಗಳಲ್ಲಿ ಆಗಬೇಕಾದ ಬದಲಾವಣೆಯು ಒಂದೇ ದಿನದಲ್ಲಿ ಮೈಮೇಲೆ ಬೀಳುವದು. ಬಿಹಾರ, ಛತ್ತೀಸಗಡ, ರಾಜಸ್ಥಾನಗಳಲ್ಲಿ ಬಡ ಸ್ತ್ರೀಯರಿಗೆ ಅನಾವಶ್ಯಕವಾಗಿ ಈ ಶಸ್ತ್ರಕ್ರಿಯೆ ನಡೆದ ದೂರಿನ ಮೇಲೆ ಸುಪ್ರೀಂ ಕೋರ್ಟು 2023ರ ಏಪ್ರಿಲಿನಲ್ಲಿ, ಇದನ್ನು ತಡೆಯುವ ಮಾರ್ಗಸೂಚಿಗಳನ್ನು ಎಲ್ಲಾ ರಾಜ್ಯಗಳೂ ಮೂರು ತಿಂಗಳೊಳಗೆ ಅಂಗೀಕರಿಸಬೇಕೆಂದು ಆಜ್ಞಾಪಿಸಿತು. ಬೇರೆ ಉಪಾಯವುಂಟೇ, ತೆಗೆಯದಿದ್ದರೆ ಏನಾಗುವದು, ಅಂಡಾಶಯಗಳು ಉಳಿಯುವವೇ ಎಂಬ ಮೂರು ಪ್ರಶ್ನೆಗಳನ್ನು ದಂಪತಿಗಳು ಕೇಳಿ, ಎರಡನೆಯ ವೈದ್ಯರ ಅಭಿಪ್ರಾಯವನ್ನೂ ಪಡೆಯಲಿ.

ಹಾರ್ಮೋನು ಚಿಕಿತ್ಸೆಯ ವಿಷಯದಲ್ಲಿ ಅತಿಭಯವೂ ಅತಿಮೋಹವೂ ಎರಡೂ ತಪ್ಪು. 2002ರಲ್ಲಿ ಅಮೆರಿಕದ ಒಂದು ದೊಡ್ಡ ಪ್ರಯೋಗವು ಸ್ತನದ ಕ್ಯಾನ್ಸರ್ ಮುಂತಾದ ಅಪಾಯಗಳು ಹೆಚ್ಚಿದ್ದರಿಂದ ಅರ್ಧದಲ್ಲಿ ನಿಂತು, ಲೋಕವೆಲ್ಲಾ ಹೆದರಿತು. ಆ ಪ್ರಯೋಗದಲ್ಲಿದ್ದವರ ಸರಾಸರಿ ವಯಸ್ಸು 63. ಅರವತ್ತರೊಳಗಿನ, ಅಥವಾ ಮುಟ್ಟು ನಿಂತು ಹತ್ತು ವರ್ಷವಾಗದ ಆರೋಗ್ಯವಂತ ಸ್ತ್ರೀಯರಲ್ಲಿ ಹೆಚ್ಚಿನವರಿಗೆ ಅಪಾಯಕ್ಕಿಂತ ಪ್ರಯೋಜನವೇ ಅಧಿಕವೆಂದು ಅನಂತರದ ವಿಮರ್ಶೆಗಳಿಂದ ತಿಳಿದುಬಂತು. ಸ್ತನದ ಕ್ಯಾನ್ಸರ್ ಬಂದವರಿಗೂ, ರಕ್ತನಾಳದಲ್ಲಿ ಹೆಪ್ಪು ಕಟ್ಟಿದವರಿಗೂ ಇದು ಸಾಮಾನ್ಯವಾಗಿ ಸಲ್ಲದು. ಯಾರಿಗೆ ಯಾವದು ಎಂಬದನ್ನು ವೈದ್ಯರೇ ಹೇಳಬೇಕು. ನೆರೆಮನೆಯವರ ಮಾತ್ರೆಯನ್ನು ತರಿಸಿಕೊಳ್ಳಬಾರದು.

ಆಹಾರದಲ್ಲಿ ನಮ್ಮ ನಾಡು ಪುಣ್ಯವಂತ ನಾಡು. ಮುಟ್ಟು ನಿಂತ ಮೊದಲ ಕೆಲವು ವರ್ಷಗಳಲ್ಲಿ ಎಲುಬು ಬೇಗನೆ ಸವೆಯುವದರಿಂದ ದಿನಕ್ಕೆ ಒಂದು ಸಾವಿರ ಮಿಲಿಗ್ರಾಮಿಗೆ ಕಡಿಮೆಯಿಲ್ಲದೆ ಸುಣ್ಣದಂಶವು ಬೇಕು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗಿಂತ ಹೆಚ್ಚು ಇದೆ. ಎಳ್ಳು, ಮೊಸರು, ಸೊಪ್ಪು ಇವೂ ಉತ್ತಮವಾದವು. ಎಲ್ಲರಿಗೂ ಬಡಿಸಿ ಉಳಿದದ್ದನ್ನು ತಿನ್ನುವ ವಾಡಿಕೆಯನ್ನು ಮಾತ್ರ ನಮ್ಮ ಗೃಹಿಣಿಯರು ಬಿಡಬೇಕು. ಬಿಡುವಂತೆ ಪತಿಯು ಜೊತೆಯಲ್ಲಿ ಕೂರಿಸಿಕೊಂಡು ಉಣ್ಣಬೇಕು. ಸಂಜೆ ಅರ್ಧ ತಾಸು ಇಬ್ಬರೂ ಕೂಡಿ ನಡೆದರೆ ಎಲುಬಿಗೂ ಹೃದಯಕ್ಕೂ ಒಳ್ಳೆಯದು. ಮಕ್ಕಳ ಕಿವಿಗೆ ಬೀಳದ ಮಾತುಗಳನ್ನು ಆಡಿಕೊಳ್ಳುವದಕ್ಕೂ ಅದು ಸಮಯ.

ಪತಿಯನ್ನು ಕಳೆದುಕೊಂಡವರೂ, ಮದುವೆಯಾಗದೆ ಸೇವೆಯಲ್ಲಿರುವವರೂ ನಮ್ಮ ನಡುವೆ ಅನೇಕರಿದ್ದಾರೆ. ಅವರಿಗೆ ಅಕ್ಕತಂಗಿಯರೂ, ಒಂದೇ ಮನೆಯಲ್ಲಿರುವ ಜೊತೆಗಾತಿಯರೂ ಈ ಕೆಲಸವನ್ನು ಮಾಡಬೇಕು. ಕೇಳಿ ಬರೆದಿಡುವದಕ್ಕೂ ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕದಲ್ಲಿ ಕೂರುವದಕ್ಕೂ ಮಾಂಗಲ್ಯವು ಬೇಕಾಗಿಲ್ಲ.

ಪ್ರಿಯ ವಿದ್ಯಾರ್ಥಿನಿಯರೇ, ಈ ರಾತ್ರಿ ನಿಮ್ಮ ತಾಯಿಯು ಎದ್ದು ಕೂತಿದ್ದರೆ, ಒಂದು ಲೋಟ ನೀರು ಕೊಟ್ಟು ಹತ್ತಿರ ಕೂತುಕೊಳ್ಳಿರಿ. ಗೃಹಸ್ಥರೇ, ಮಕ್ಕಳು ಏಳುವ ಮುಂಚೆ ನೀವೇ ಏಳಿರಿ. ಮುಟ್ಟು ನಿಂತ ಮೇಲೆ ಸ್ತ್ರೀಗೆ ಇನ್ನೂ ಇಪ್ಪತ್ತು ಮೂವತ್ತು ವರ್ಷಗಳ ಆಯುಷ್ಯವನ್ನು ದೇವರು ಅನೇಕರಿಗೆ ದಯಪಾಲಿಸುತ್ತಾನೆ. ಆ ವರ್ಷಗಳಲ್ಲಿ ಒಂದೇ ಸೂರಿನ ಕೆಳಗೆ ಇಬ್ಬರು ಅಪರಿಚಿತರಿರುವರೋ, ಇಬ್ಬರು ಸ್ನೇಹಿತರಿರುವರೋ ಎಂಬದು ಬಹಳ ಮಟ್ಟಿಗೆ ಈ ಕೆಲವು ವರ್ಷಗಳಲ್ಲಿಯೇ ನಿರ್ಣಯವಾಗುವದು. ನಮ್ಮ ಎಲ್ಲಾ ಸಂಸಾರಗಳಲ್ಲಿ ಕೇಳುವ ಕಿವಿಯನ್ನೂ ಕಲಿಯುವ ಮನಸ್ಸನ್ನೂ ದೇವರು ಅನುಗ್ರಹಿಸಲೆಂದು ಪ್ರಾರ್ಥಿಸುತ್ತೇವೆ.